ಬೈಪಾಸ್ ಆಯ್ತು, ಕೊಲೆಸ್ಟ್ರಾಲ್ ನಾರ್ಮಲ್ ಬಂತು. ಇನ್ನೂ ಸ್ಟ್ಯಾಟಿನ್ ಮಾತ್ರೆ ಯಾಕೆ?

"ಅಪ್ಪನಿಗೆ ಬೈಪಾಸ್ ಆಗಿ ಎಂಟು ತಿಂಗಳಾಯ್ತು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 62 ಬಂದಿದೆ. ಕಾಲಿನಿಂದ ತೆಗೆದು ಹೊಸ ನರ ಹಾಕಿದ್ದಾರೆ, ರಿಪೋರ್ಟೂ ನಾರ್ಮಲ್. ಅಟೊರ್ವಾಸ್ಟಾಟಿನ್ ನಿಲ್ಲಿಸಬಹುದಾ?"

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ. ನೀವಾಗಿಯೇ ನಿಲ್ಲಿಸಬೇಡಿ. ಅಟೊರ್ವಾಸ್ಟಾಟಿನ್ ಕೊಲೆಸ್ಟ್ರಾಲ್ ಇಳಿಸುವ ಒಂದು ಸ್ಟ್ಯಾಟಿನ್, ಆ 62 ಬಂದಿರುವುದೇ ಈ ಮಾತ್ರೆಯಿಂದ. ಬಿಟ್ಟರೆ ಕೆಲವೇ ವಾರಗಳಲ್ಲಿ ಮತ್ತೆ ಏರುತ್ತದೆ. ಲ್ಯಾಬ್ ಚೀಟಿಯಲ್ಲಿ 100ರ ಒಳಗೆ ಸರಿ ಅಂತ ಅಚ್ಚಾಗಿರುವುದು ಹೃದಯದ ತೊಂದರೆ ಇಲ್ಲದವರಿಗೆ. ಬೈಪಾಸ್ ಆದವರಿಗೆ 55ಕ್ಕಿಂತ ಕೆಳಗೆ ಇರಬೇಕು. ಆ ಲೆಕ್ಕದಲ್ಲಿ 62 ಇನ್ನೂ ಜಾಸ್ತಿಯೇ.

ನನ್ನನ್ನು ಕಾಡುವುದು "ಹೊಸ ನರ" ಅನ್ನುವ ಮಾತು. ಅದು ನರವಲ್ಲ, ರಕ್ತನಾಳ. ಮನೆಯಲ್ಲಿ ಹಾಗನ್ನುವುದು ರೂಢಿ, ಅದಿರಲಿ. ಆದರೆ ಹೊಸದಂತೂ ಅಲ್ಲ. ಅಪ್ಪನಿಗೆಷ್ಟು ವಯಸ್ಸೋ ಅದಕ್ಕೂ ಅಷ್ಟೇ. ಕಾಲಿನಿಂದ ಬಿಡಿಸಿ ತೆಗೆದ ಮೇಲೆ ಸಿರಿಂಜಿನಲ್ಲಿ ದ್ರವ ತುಂಬಿಸಿ ಎಲ್ಲಿ ಸೋರುತ್ತದೆ ಅಂತ ನೋಡುತ್ತಾರೆ, ಸೋರುವ ಕವಲುಗಳನ್ನು ಕಟ್ಟುತ್ತಾರೆ. ನಾಳದ ಒಳಮೈಯ ಪದರ ಒಂದೇ ಒಂದು ಜೀವಕೋಶದಷ್ಟು ದಪ್ಪ. ಇಷ್ಟು ಎಳೆದಾಟದಲ್ಲಿ ಅದು ಅಲ್ಲಲ್ಲಿ ಕಿತ್ತು ಬರುತ್ತದೆ. ಸುಮ್ನೆ ನಿಧಾನವಾಗಿ ರಕ್ತ ಹರಿಯುತ್ತಿದ್ದ ನಾಳ, ಈಗ ಹೃದಯದ ಒಂದೊಂದು ಬಡಿತದ ಒತ್ತಡವನ್ನೂ ತಡೆದುಕೊಳ್ಳಬೇಕು. ಗೋಡೆ ದಪ್ಪವಾಗುತ್ತದೆ, ಅದರೊಳಗೆ ಕೊಲೆಸ್ಟ್ರಾಲ್ ಸೇರಿಕೊಳ್ಳುತ್ತದೆ. ಎದೆಯೊಳಗಿನ ಅಪಧಮನಿಯಿಂದ (ಹೃದಯದಿಂದ ರಕ್ತ ಒಯ್ಯುವ ನಾಳದಿಂದ) ಜೋಡಿಸಿದ ನಾಳ 10 ವರ್ಷದ ನಂತರವೂ ಹತ್ತರಲ್ಲಿ ಒಂಬತ್ತು ಜನಕ್ಕೆ ತೆರೆದೇ ಇರುತ್ತದೆ. ಕಾಲಿನ ನಾಳಗಳಲ್ಲಿ ಅಷ್ಟರೊಳಗೆ ಹೆಚ್ಚುಕಡಿಮೆ ಅರ್ಧ ಕಟ್ಟಿಕೊಂಡಿರುತ್ತವೆ.

ಸ್ಟ್ಯಾಟಿನ್ ಬೇಕಾಗುವುದು ಇಲ್ಲೇ. ಕೊಲೆಸ್ಟ್ರಾಲ್ ಇಳಿಸುವುದರ ಜೊತೆಗೆ ಒಳಪದರದ ಉರಿಯೂತ ತಗ್ಗಿಸುತ್ತದೆ, ನಾಳವನ್ನು ಸಡಿಲವಾಗಿಡುವ ನೈಟ್ರಿಕ್ ಆಕ್ಸೈಡ್ ಹೆಚ್ಚಿಸುತ್ತದೆ. ಅಮೆರಿಕದಲ್ಲಿ ಬೈಪಾಸ್ ಆದ 1351 ಜನರ ಮೇಲೆ ನಡೆದ ಅಧ್ಯಯನ 1997ರಲ್ಲಿ ಪ್ರಕಟವಾಯಿತು. ಲೊವಾಸ್ಟಾಟಿನ್ ಎಂಬ ಸ್ಟ್ಯಾಟಿನ್ ಕೊಟ್ಟು ಎಲ್‌ಡಿಎಲ್ ಚೆನ್ನಾಗಿ ಇಳಿಸಿದವರಲ್ಲಿ ಶೇ. 27ರಷ್ಟು ನಾಳಗಳಲ್ಲಿ ರೋಗ ಮುಂದುವರಿದಿತ್ತು. ಸ್ವಲ್ಪವೇ ಇಳಿಸಿದವರಲ್ಲಿ ಶೇ. 39. ಈ ವ್ಯತ್ಯಾಸ ನಾಲ್ಕೈದು ವರ್ಷದಲ್ಲೇ ಕಂಡದ್ದು.

ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ. ಡೋಸ್ ಇಳಿಸಬಹುದು, ಬೇರೆ ಸ್ಟ್ಯಾಟಿನ್ ಕೊಡಬಹುದು. ಮೂತ್ರ ಕಡುಕಂದಾಗಿ ಬಂದರೆ ಅದೇ ದಿನ ಹೋಗಿ.

ಅಂದ ಹಾಗೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾಳ ತೆಗೆದ ಕಾಲಿಗೆ ಏನೂ ಆಗಲ್ವಾ ಅಂತ ಮನೆಯವರಿಗೆ ಒಳಗೊಳಗೇ ಭಯ ಇರುತ್ತದೆ. ತೆಗೆಯುವುದು ಚರ್ಮದ ಕೆಳಗಿನ ನಾಳ. ಕಾಲಿನ ರಕ್ತದಲ್ಲಿ ಹೆಚ್ಚಿನ ಪಾಲು ಮೇಲಕ್ಕೆ ಹೋಗುವುದು ಆಳದ ನಾಳಗಳಿಂದ, ಅವು ಹಾಗೇ ಇವೆ. ಸಂಜೆ ಹೊತ್ತಿಗೆ ಪಾದ ಊದುವುದು ಕೆಲವು ತಿಂಗಳು ಸಾಮಾನ್ಯ. ಟಿವಿ ನೋಡುವಾಗ ಎದುರಿಗೊಂದು ಸ್ಟೂಲ್ ಇಟ್ಟು ಕಾಲು ಅದರ ಮೇಲಿರಲಿ. ಮೀನಖಂಡ ಕೆಂಪಾಗಿ ಬಿಸಿಯಾದರೆ, ನೋವು ಬಂದರೆ ಮಾತ್ರ ಕಾಯಬೇಡಿ, ಕೂಡಲೇ ತೋರಿಸಿ.