ಅಜ್ಜನ ಟ್ರಂಕಿನ ಕಪ್ಪು ಡಬ್ಬಿ ತೊಳೆಯಬೇಡಿ

ಪ್ರಶ್ನೆ: ಗಂಗಾವತಿಯ ಹಳೇ ಮನೆ ಖಾಲಿ ಮಾಡುವಾಗ ಅಜ್ಜನ ಟ್ರಂಕ್ ಸಿಕ್ಕಿತು. ಒಳಗೆ ಒಂದು ಕಪ್ಪು ದುಂಡು ಡಬ್ಬಿ, ಅದರಲ್ಲಿ ಸುರುಳಿ ಗೀರಿನ ಚಕ್ರ. ಜೊತೆಗೆ ಬಾಟಲಿಗಳು, ನೆಗೆಟಿವ್‌ಗಳು. ಇವೆಲ್ಲ ಏನು? ಹೇಗೆ ಕಾಪಾಡುವುದು?

ಅದು ಫಿಲಂ ತೊಳೆಯುವ ಟ್ಯಾಂಕ್. ಕತ್ತಲಲ್ಲಿ ಚಕ್ರದ ಗೀರಿಗೆ ಫಿಲಂ ಸುತ್ತಿ ಮುಚ್ಚಳ ಹಾಕಿದರೆ ಆಯ್ತು, ಮುಂದಿನ ಕೆಲಸ ಬೆಳಕಲ್ಲೇ. ಮುಚ್ಚಳದ ತೂತಿನಲ್ಲಿ ಕೆಮಿಕಲ್ ಒಳಗೆ ಇಳಿಯುತ್ತದೆ, ಬೆಳಕು ಇಳಿಯುವುದಿಲ್ಲ.

ಚಕ್ರದ ಎರಡು ತಟ್ಟೆಗಳ ನಡುವಿನ ಅಂತರ ಅಳೆಯಿರಿ. ಸುಮಾರು 6 ಸೆಂ.ಮೀ. ಇದ್ದರೆ ಅದು 120 ಎಂಬ ಅಗಲ ಫಿಲಂಗೆ ಹೊಂದಿಸಿದ್ದು. ಅಗ್ಫಾ ಕ್ಲಿಕ್ 3 ಕ್ಯಾಮೆರಾಕ್ಕೆ ಹಾಕುತ್ತಿದ್ದದ್ದು ಇದೇ ಫಿಲಂ. 3.5 ಸೆಂ.ಮೀ. ಇದ್ದರೆ 35 ಎಂಎಂ. ಕೆಲವು ಚಕ್ರಗಳನ್ನು ಎರಡಕ್ಕೂ ಹೊಂದಿಸಬಹುದು. ಬಿಗಿಯಾಗಿದ್ದರೆ ಮಾತ್ರ ತಿರುಚಬೇಡಿ, ಮುರಿಯುತ್ತದೆ.

ಟ್ರಂಕಿನ ತಳದಲ್ಲಿ ಚೀಟಿ ಇದೆಯಾ ನೋಡಿ. ಫಿಲಂನಲ್ಲಿ ಚಿತ್ರ ಮೂಡಿಸುವ ಕೆಮಿಕಲ್ಲಾದ ಡೆವಲಪರ್‌ಗೆ ಸಾಮಾನ್ಯವಾಗಿ 20 ಡಿಗ್ರಿ ನೀರು ಬೇಕು. ನಮ್ಮ ಕಡೆ ಏಪ್ರಿಲ್‌ನಲ್ಲಿ ನಲ್ಲಿ ನೀರೇ ಬಿಸಿ, ಅಲ್ವಾ? ಐಸ್ ಇಟ್ಟು ತಣಿಸಬೇಕಿತ್ತು, ಇಲ್ಲವೇ ಫಿಲಂ ಅದರಲ್ಲಿ ನೆನೆಸುವ ನಿಮಿಷ ಕಡಿಮೆ ಮಾಡಬೇಕಿತ್ತು. ಅಜ್ಜ ಆ ಲೆಕ್ಕ ಬರೆದಿಟ್ಟಿದ್ದರೆ ನನಗೆ ಡಬ್ಬಿಗಿಂತ ಆ ಚೀಟಿಯೇ ದೊಡ್ಡದು.

ಡಬ್ಬಿ ಶುಚಿ ಮಾಡಲು ಹುಣಸೆಹಣ್ಣು, ಬೂದಿ, ಸ್ಟೀಲ್ ಉಜ್ಜುವ ನಾರು ಯಾವುದೂ ಬೇಡ. ನಮ್ಮ ಮಾವನ ಬೇಕಲೈಟ್ (ಹಳೇ ಕಾಲದ ಗಟ್ಟಿ ಪ್ಲಾಸ್ಟಿಕ್) ಟ್ಯಾಂಕನ್ನು ನಾನೇ ಬಿಸಿನೀರು, ಸೋಪಿನ ಪುಡಿ ಹಾಕಿ ತಿಕ್ಕಿದ್ದೆ. ಹೊಳಪು ಹೋಗಿ ಮಂಕು ಕಂದು ಬಣ್ಣ ಬಂತು. ಆ ಹೊಳಪು ಮತ್ತೆ ಬರಲಿಲ್ಲ. ಮೆತ್ತನೆ ಬ್ರಷ್ಷು, ಒಣ ಹತ್ತಿ ಬಟ್ಟೆ ಸಾಕು.

ಬಾಟಲಿ ತೆರೆಯಬೇಡಿ, ಮೂಸಬೇಡಿ. ಕಿತ್ತಳೆ ಬಣ್ಣದ ಹರಳು ಪೊಟ್ಯಾಸಿಯಂ ಡೈಕ್ರೋಮೇಟ್ ಇರಬಹುದು, ಅದು ವಿಷ. ಲೇಬಲ್ ಫೋಟೋ ತೆಗೆದು ಮಕ್ಕಳ ಕೈಗೆ ಸಿಗದಂತೆ ಇಡಿ. ಬಚ್ಚಲಿಗೆ ಸುರಿಯಬೇಡಿ. ಕಾಲೇಜಿನ ಕೆಮಿಸ್ಟ್ರಿ ಮೇಷ್ಟ್ರಿಗೆ ಮೊದಲು ತೋರಿಸಿ.

ನೆಗೆಟಿವ್‌ಗಳಿಗೆ ನೀರು ತಾಗಿಸಬೇಡಿ. ವಿನೆಗರ್ ವಾಸನೆ ಬರುವುದನ್ನು ಬೇರೆ ಇಡಿ, ಒಂದು ಕೆಟ್ಟರೆ ಪಕ್ಕದ್ದೂ ಕೆಡುತ್ತದೆ. ಅಂಚಿನಲ್ಲಿ ಇಂಗ್ಲಿಷಿನಲ್ಲಿ 'ಸೇಫ್ಟಿ' ಅಂತ ಇದ್ದರೆ ಬೆಂಕಿಯ ಭಯ ಇಲ್ಲ. ಆ ಮಾತಿಲ್ಲದೆ, ಹಳದಿಯಾಗಿ ಅಂಟಂಟಾಗಿದ್ದರೆ 1950ಕ್ಕಿಂತ ಹಿಂದಿನ ನೈಟ್ರೇಟ್ ಫಿಲಂ ಇರಬಹುದು. ಅದು ಬೇಗ ಹೊತ್ತಿಕೊಳ್ಳುತ್ತದೆ, ಒಲೆ ದೀಪದಿಂದ ದೂರವಿಡಿ.

ತಗಡಿನ ಸೂರಿನ ಕೆಳಗೆ, ಅಟ್ಟದ ಮೇಲೆ ಜಾಸ್ತಿ ಕಾವು. ಮನೆಯ ಒಳಗಿನ ತಣ್ಣನೆ ಕೋಣೆಯೇ ವಾಸಿ. ಒಂದೊಂದು ನೆಗೆಟಿವ್‌ಗೂ ಒಂದೊಂದು ಕಾಗದದ ಕವರ್ ಇರಲಿ. ಹಾಕುವ ಮುಂಚೆ ಅಂಚು ಹಿಡಿದು ಕಿಟಕಿಗೆ ಒಡ್ಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ತಿರುವುಮುರುವು (ಇನ್ವರ್ಟ್) ಮಾಡಿ. ಕಪ್ಪು ಮುಖ ಬೆಳ್ಳಗಾಗುತ್ತದೆ. ಮನೆಯಲ್ಲಿ ಅಜ್ಜಿ ಇದ್ದರೆ ಪಕ್ಕದಲ್ಲಿ ಕೂಡಿಸಿಕೊಳ್ಳಿ. ಅವರು ಹೇಳಿದ ಹೆಸರನ್ನು ಖಾಲಿ ಕವರಿನ ಮೇಲೆ ಪೆನ್ಸಿಲಿನಲ್ಲಿ ಬರೆದು, ಆಮೇಲೆ ನೆಗೆಟಿವ್ ಒಳಗಿಡಿ.