ಕೆಲಸ ಸಿಗಬೇಕಾದರೆ ಯಾವ ವೆಬ್ ತಂತ್ರಜ್ಞಾನ ಕಲಿಯಬೇಕು?

ಪ್ರಶ್ನೆ: ರಿಯಾಕ್ಟ್, ಆಂಗ್ಯುಲರ್, ಪಿಎಚ್‌ಪಿ, ಪೈಥಾನ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವೆಬ್ ಪ್ರೋಗ್ರಾಮಿಂಗ್‌ನಲ್ಲಿ ಉದ್ಯೋಗ ಹುಡುಕುವವರು ಯಾವುದನ್ನು ಆರಿಸಿಕೊಳ್ಳಬೇಕು?

ಉತ್ತರ: ಇವುಗಳಲ್ಲಿ ಒಂದನ್ನು ಆರಿಸುವ ಮುನ್ನ, ಇವೆಲ್ಲಕ್ಕೂ ಆಧಾರವಾಗಿರುವ ಎಚ್‌ಟಿಎಂಎಲ್ (ಪುಟದ ರಚನೆ), ಸಿಎಸ್‌ಎಸ್ (ಅದರ ರೂಪ), ಜಾವಾಸ್ಕ್ರಿಪ್ಟ್ (ಪುಟದ ವರ್ತನೆ), ಎಚ್‌ಟಿಟಿಪಿ (ಬ್ರೌಸರ್ ಮತ್ತು ಸರ್ವರ್ ಮಾತನಾಡುವ ನಿಯಮ) ಹಾಗೂ ಎಸ್‌ಕ್ಯೂಎಲ್ (ಡೇಟಾಬೇಸ್‌ನ ಭಾಷೆ) ಇವುಗಳನ್ನು ಗಟ್ಟಿಮಾಡಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. 2010ರಲ್ಲಿ ಬಂದ ಆಂಗ್ಯುಲರ್‌ಜೆಎಸ್ ಎಂಬ ಫ್ರೇಮ್‌ವರ್ಕ್ (ವೆಬ್ ಆ್ಯಪ್ ಕಟ್ಟಲು ಸಿದ್ಧವಿರುವ ಕೋಡ್ ಚೌಕಟ್ಟು) ಒಂದು ಕಾಲಕ್ಕೆ ಎಲ್ಲರ ಬಾಯಲ್ಲೂ ಇತ್ತು. 2016ರಲ್ಲಿ ಗೂಗಲ್ ಅದನ್ನು ಬುಡದಿಂದಲೇ ಹೊಸದಾಗಿ ಬರೆದು ಆಂಗ್ಯುಲರ್ ಎಂದು ಹೊರತಂದಿತು, ಹಳೆಯದಕ್ಕಿದ್ದ ಬೆಂಬಲ 2021ರ ಕೊನೆಗೆ ನಿಂತಿತು. 1995ರ ಜಾವಾಸ್ಕ್ರಿಪ್ಟ್ ಮತ್ತು 1970ರ ದಶಕದ ಎಸ್‌ಕ್ಯೂಎಲ್ ಮಾತ್ರ ಇಂದಿಗೂ ದಿನನಿತ್ಯದ ಬಳಕೆಯಲ್ಲಿವೆ.

ಈ ಬುನಾದಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದಕ್ಕೆ ಲಾಗಿನ್ ಪುಟವನ್ನೇ ನೋಡಿ. ಬಳಕೆದಾರರು ಗುಂಡಿ ಒತ್ತುತ್ತಾರೆ, ಏನೂ ಆಗುವುದಿಲ್ಲ. ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗವನ್ನು ತೆರೆದು ಮತ್ತೆ ಒತ್ತಿದಾಗ ಸರ್ವರಿನ ಉತ್ತರದ ಸಂಕೇತವಾಗಿ 404 ಕಂಡರೆ ಕೋರಿಕೆ ಹೋದ ವಿಳಾಸದಲ್ಲಿ ಏನೂ ಇಲ್ಲ. 401 ಕಂಡರೆ ಸರ್ವರ್ ಗುರುತನ್ನು ಒಪ್ಪಿಲ್ಲ. 500 ಕಂಡರೆ ಸರ್ವರಿನೊಳಗೇ ಏನೋ ಮುರಿದಿದೆ. ಕೋರಿಕೆಯೇ ಹೊರಟಿಲ್ಲವಾದರೆ ಪುಟದ ಜಾವಾಸ್ಕ್ರಿಪ್ಟ್‌ನಲ್ಲಿ ಹುಡುಕಬೇಕು. ಎಐ ಸಾಧನಗಳು ಕ್ಷಣಾರ್ಧದಲ್ಲಿ ಕೋಡ್ ಬರೆದುಕೊಡುವ ಈ ದಿನಗಳಲ್ಲಿ, ತಪ್ಪು ಎಲ್ಲಿದೆಯೆಂದು ಹೀಗೆ ಪತ್ತೆಹಚ್ಚಬಲ್ಲವರ ಅಗತ್ಯ ಇನ್ನೂ ಹೆಚ್ಚಾಗಿದೆ.

ಅನಂತರ ಒಂದೇ ಒಂದು ಫ್ರೇಮ್‌ವರ್ಕ್ ಹಿಡಿಯಿರಿ. ಅದು ಯಾವುದೆಂದು ಮಾತುಗಳನ್ನು ಕೇಳಿ ನಿರ್ಧರಿಸಬೇಡಿ. ನೀವು ಸೇರಬಯಸುವಂಥ ಸಂಸ್ಥೆಗಳ ಮೂವತ್ತು ಉದ್ಯೋಗ ಜಾಹೀರಾತುಗಳನ್ನು ಓದಿ, ಯಾವ ಹೆಸರು ಎಷ್ಟು ಸಲ ಬಂದಿದೆಯೆಂದು ಎಣಿಸಿ. ಹಲವೆಡೆ ರಿಯಾಕ್ಟ್ ಮತ್ತು ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟ್‌ನ ವಿಸ್ತೃತ ರೂಪ) ಜೊತೆಯಾಗಿ ಕಾಣುತ್ತವೆ. ದೊಡ್ಡ ಸಂಸ್ಥೆಗಳಲ್ಲಿ ಜಾವಾ ಇನ್ನೂ ಬಲವಾಗಿದೆ. ಪಿಎಚ್‌ಪಿಯನ್ನು ಹಳತೆಂದು ತಳ್ಳಿಹಾಕುವುದು ಸರಿಯಲ್ಲ: ಪ್ರಪಂಚದ ಜಾಲತಾಣಗಳಲ್ಲಿ ಶೇ. 40ಕ್ಕೂ ಹೆಚ್ಚು, ಜಾಲತಾಣ ಕಟ್ಟುವ ಸಾಧನವಾದ ವರ್ಡ್‌ಪ್ರೆಸ್ ಮೇಲೆ ನಡೆಯುತ್ತಿದ್ದು, ಅದು ಬರೆಯಲ್ಪಟ್ಟಿರುವುದು ಪಿಎಚ್‌ಪಿಯಲ್ಲೇ. ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್‌ನ ಬಳಕೆಯಂತೂ ಎಲ್ಲೇ ಹೋದರೂ ಬೇಕು.

ಐದು ಕೋರ್ಸ್‌ಗಳ ಪ್ರಮಾಣಪತ್ರಕ್ಕಿಂತ, ಲಾಗಿನ್, ಡೇಟಾಬೇಸ್ ಮತ್ತು ಟೆಸ್ಟ್‌ಗಳಿರುವ ಪೂರ್ಣಗೊಂಡ ಒಂದು ಪ್ರಾಜೆಕ್ಟ್ ಸಂದರ್ಶನದಲ್ಲಿ ಹೆಚ್ಚು ನೆರವಾಗುತ್ತದೆ. ಅದರ ಟೇಬಲ್‌ಗಳನ್ನು ಹೀಗೇ ಏಕೆ ವಿಂಗಡಿಸಿದಿರಿ, ಪಾಸ್‌ವರ್ಡನ್ನು ಹೇಗೆ ಉಳಿಸಿಟ್ಟಿರಿ ಎಂದು ಕೇಳಿದಾಗ ನಿಮ್ಮದೇ ಮಾತಿನಲ್ಲಿ ವಿವರಿಸುವಷ್ಟರ ಮಟ್ಟಿಗೆ ಅದರ ಪ್ರತಿಯೊಂದು ಸಾಲೂ ನಿಮಗೆ ಗೊತ್ತಿರಬೇಕು.