ಸೆಟ್ಲಮೆಂಟ್ ಎಂಬ ಹೆಸರಿನ ಹಿಂದೆ

ಹುಬ್ಬಳ್ಳಿಯಲ್ಲಿ ಆಟೋ ಹತ್ತಿ ‘ಸೆಟ್ಲಮೆಂಟ್‌ಗೆ ಹೋಗಬೇಕು’ ಅಂದರೆ ಸಾಕು, ಮರುಮಾತಿಲ್ಲದೆ ಕರೆದುಕೊಂಡು ಹೋಗುತ್ತಾರೆ. ಗದಗ-ಬೆಟಗೇರಿಯಲ್ಲೂ ಒಂದು ಸೆಟ್ಲಮೆಂಟ್ ಇದೆ. ಊರವರ ಬಾಯಲ್ಲಿ ಅದು ಒಂದು ಓಣಿಯ ಹೆಸರು, ಅಷ್ಟೇ. ಆದರೆ ಅದು ಓಣಿಯಾಗಿ ಹುಟ್ಟಿದ್ದಲ್ಲ. ಬ್ರಿಟಿಷರ ಕಾಲದಲ್ಲಿ ಜನರನ್ನು ಒಂದು ಕಡೆ ಕೂಡಿಹಾಕಿ, ಹಾಜರಿ ಕೂಗಿ, ಚೀಟಿ ಇಲ್ಲದೆ ಹೊರಗೆ ಕಾಲಿಡಬಾರದು ಅಂತ ಕಟ್ಟು ಮಾಡಿದ ಜಾಗ ಅದು. ಅಲ್ಲಿಗೆ ಹೋಗಿ ಬೀಳಲು ಕೋರ್ಟಿನಲ್ಲಿ ತಪ್ಪು ಸಾಬೀತಾಗಬೇಕು ಅಂತೇನೂ ಇರಲಿಲ್ಲ. ಇಂಥ ಜಾತಿಯಲ್ಲಿ ಹುಟ್ಟಿದ್ದರೂ ಸಾಕಿತ್ತು.

ಈಗ ಬೇಲಿ ಇಲ್ಲ, ಹಾಜರಿ ಇಲ್ಲ. ಆದರೆ ಒಂದು ಊರಲ್ಲಿ ರಾತ್ರಿ ಮನೆಗಳ್ಳತನ ಆಯಿತು ಅಂದುಕೊಳ್ಳಿ. ಬೆಳಗಾದರೆ ಪೊಲೀಸ್ ಜೀಪು ಮೊದಲು ಎಲ್ಲಿಗೆ ಹೋಗುತ್ತದೆ? ಊರಾಚೆ ಟೆಂಟು ಹಾಕಿಕೊಂಡವರ ಹತ್ತಿರ. ಕೂಲಿಯವರ ಶೆಡ್ಡುಗಳಿಗೆ. ಸ್ಲಮ್ಮಿನ ಹುಡುಗರ ಬಳಿಗೆ. ‘ಸುಮ್ನೆ ವಿಚಾರಣೆಗೆ’ ಅಂತ ಕರೆದುಕೊಂಡು ಹೋಗುತ್ತಾರೆ. ಈ ರೂಢಿ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಮತ್ತೆ ಅದೇ ಸೆಟ್ಲಮೆಂಟಿಗೆ ಬಂದು ನಿಲ್ಲುತ್ತೇವೆ.

ಕಥೆ 1871ರಲ್ಲಿ ಶುರುವಾಗುತ್ತದೆ. ಆ ವರ್ಷ ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದಿತು. ಮೊದಲು ಅದು ಇದ್ದದ್ದು ಉತ್ತರ ಭಾರತದಲ್ಲಿ ಮಾತ್ರ. ಅದನ್ನು ತಂದವರ ವಾದ ಸರಳವಾಗಿತ್ತು: ಈ ದೇಶದಲ್ಲಿ ಬಡಗಿಯ ಮಗ ಬಡಗಿಯಾಗುತ್ತಾನೆ, ನೇಕಾರನ ಮಗ ನೇಕಾರನಾಗುತ್ತಾನೆ, ಹಾಗೆಯೇ ಕಳ್ಳನ ಮಗ ಕಳ್ಳನಾಗುತ್ತಾನೆ. ನಮ್ಮ ಜಾತಿ ಪದ್ಧತಿಯನ್ನೇ ತೆಗೆದುಕೊಂಡು ಅದಕ್ಕೆ ಪೊಲೀಸ್ ರಿಜಿಸ್ಟರ್ ಹೊಂದಿಸಿಬಿಟ್ಟರು. ಸರ್ಕಾರ ಒಂದು ಜನಾಂಗವನ್ನು ಅಪರಾಧಿ ಅಂತ ಘೋಷಿಸಿದರೆ ಮುಗಿಯಿತು. ಆ ಘೋಷಣೆ ಸರಿಯೋ ತಪ್ಪೋ ಅಂತ ಯಾವ ಕೋರ್ಟೂ ಕೇಳುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಬರೆದಿದ್ದರು.

1911ರಲ್ಲಿ ಹೊಸ ಕಾಯ್ದೆ ಬಂದು, ಇದು ಮದ್ರಾಸ್ ಸೇರಿದಂತೆ ಇಡೀ ಬ್ರಿಟಿಷ್ ಭಾರತಕ್ಕೆ ಹರಡಿತು. 1924ರಲ್ಲಿ ಎಲ್ಲ ಒಟ್ಟುಮಾಡಿ ಮತ್ತೊಂದು ಕಾಯ್ದೆ ಮಾಡಿದರು. ಇವತ್ತಿನ ಕರ್ನಾಟಕದಲ್ಲಿ ಆಗ ಒಂದು ಭಾಗ ಮುಂಬೈ ಪ್ರಾಂತ್ಯದಲ್ಲಿತ್ತು, ಒಂದು ಭಾಗ ಮದ್ರಾಸಿನಲ್ಲಿತ್ತು. ನಮ್ಮವರಲ್ಲಿ ಕೊರಮ, ಕೊರಚ, ಗಂಟಿಚೋರ, ಹರಣಶಿಕಾರಿ, ಛಪ್ಪರಬಂದ್ ಮುಂತಾದವರು ಈ ಪಟ್ಟಿಗೆ ಸಿಕ್ಕಿಬಿದ್ದರು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಯಾಕೆ ಈ ಜನರೇ? ಇವರು ಅಲ್ಲಿಯವರೆಗೆ ಏನು ಮಾಡಿಕೊಂಡಿದ್ದರು?

ಕೊರಮರನ್ನೇ ನೋಡೋಣ. ಅವರಲ್ಲಿ ‘ಉಪ್ಪು ಕೊರಮ’ ಅಂತ ಒಂದು ಪಂಗಡವೇ ಇತ್ತು. ಕರಾವಳಿಯ ಉಪ್ಪನ್ನು ಎತ್ತು, ಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿನ ಹಳ್ಳಿಗಳಿಗೆ ತರುತ್ತಿದ್ದರು. ಹೋಗುವಾಗ ಕಾಳುಕಡಿ ಕೊಂಡೊಯ್ಯುತ್ತಿದ್ದರು. ರಸ್ತೆಯೇ ಇಲ್ಲದ ಊರಿಗೂ ಉಪ್ಪು ತಲುಪುತ್ತಿತ್ತು ಅಂದರೆ ಅದಕ್ಕೆ ಇಂಥವರ ಕಾಲುಗಳೇ ಕಾರಣ. ಇನ್ನು ಕೆಲವರು ಬಿದಿರಿನ ಬುಟ್ಟಿ, ಮೊರ ಹೆಣೆಯುತ್ತಿದ್ದರು. ವಾಲಗ ಊದುತ್ತಿದ್ದರು. ಹೆಂಗಸರು ಕಣಿ ಹೇಳುತ್ತಿದ್ದರು. ಹನ್ನೆರಡನೇ ಶತಮಾನದ ಶರಣ ನುಲಿಯ ಚಂದಯ್ಯ ತಮ್ಮವನು ಅಂತ ಕೊರಮರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಬದುಕಿದವನು ಚಂದಯ್ಯ. ಕಾಯಕ ಬಿಟ್ಟರೆ ಲಿಂಗವೂ ಬೇಡ ಅನ್ನುವಷ್ಟು ದುಡಿಮೆಯನ್ನು ನಂಬಿದವನು. ಅಂಥವನನ್ನು ಪೂಜಿಸುವ ಜನರನ್ನು ಸರ್ಕಾರ ಹುಟ್ಟುಗಳ್ಳರು ಅಂತ ಬರೆದುಕೊಂಡಿತು. ಇದನ್ನು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಮೇಲೆ ರೈಲು ಬಂತು. ಮುಂಬೈ ಕಡೆಯಿಂದ ಬಂದ ಹಳಿ ಮತ್ತು ಮದ್ರಾಸ್ ಕಡೆಯಿಂದ ಬಂದ ಹಳಿ ನಮ್ಮ ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ಕಾಯ್ದೆ ಬಂದ ವರ್ಷವೇ! ಎರಡಕ್ಕೂ ನೇರ ನಂಟಿಲ್ಲ, ನಿಜ. ಆದರೆ ಉಪ್ಪಿನ ಮೂಟೆ ರೈಲು ಹತ್ತಿದ ಮೇಲೆ ಎತ್ತಿನ ಹೇರಿಗೆ ಏನು ಬೆಲೆ? ಉಪ್ಪಿನ ಮೇಲೆ ಸರ್ಕಾರದ ಹಿಡಿತವೂ ಬಿಗಿಯಾಯಿತು. 1876ರಿಂದ 78ರವರೆಗೆ, ಧಾತು ಸಂವತ್ಸರದಲ್ಲಿ ಶುರುವಾದ ಆ ದೊಡ್ಡ ಬರದಲ್ಲಿ ಮನುಷ್ಯರ ಜೊತೆ ದನಕರುಗಳೂ ಸತ್ತವು. 1878ರಲ್ಲಿ ಅರಣ್ಯ ಕಾಯ್ದೆ ಬಂದು ಕಾಡಿನ ಬಿದಿರಿಗೂ ಕಾವಲು ಬಿತ್ತು. ಹೀಗೆ ದಾರಿಯ ಮೇಲೆ ಬದುಕು ಕಟ್ಟಿಕೊಂಡವರಿಗೆ ದಾರಿಗಳೇ ಮುಚ್ಚಿಹೋದವು. ಹೊಟ್ಟೆಪಾಡಿಗೆ ಅವರಲ್ಲಿ ಕೆಲವರು ಕದ್ದಿದ್ದೂ ಇರಬಹುದು. ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಕಸುಬು ಕಳೆದುಕೊಂಡ ಜನರಿಗೆ ಬೇರೆ ಕಸುಬು ಕೊಡುವ ಬದಲು ಅವರ ರಕ್ತದಲ್ಲೇ ಕಳ್ಳತನ ಇದೆ ಅಂದುಬಿಟ್ಟರು. ಒಂದೇ ಕಡೆ ನೆಲೆ ನಿಲ್ಲದವರು ಅಂದರೆ ಆ ಸರ್ಕಾರಕ್ಕೆ ಮೊದಲೇ ಭಯ. ಲೆಕ್ಕಕ್ಕೆ ಸಿಗುವುದಿಲ್ಲ, ಕಂದಾಯ ಕಟ್ಟುವುದಿಲ್ಲ.

ಕಾಯ್ದೆ ನಡೆಯುತ್ತಿದ್ದುದು ಹೀಗೆ. ಪಟ್ಟಿಯಲ್ಲಿರುವ ಜನಾಂಗದವರು ಹೆಸರು ನೋಂದಾಯಿಸಬೇಕು. 1911ರ ನಂತರ ಬೆರಳಚ್ಚನ್ನೂ ಕೊಡಬೇಕಾಯಿತು. ಗೊತ್ತು ಮಾಡಿದ ಹೊತ್ತಿಗೆ ಠಾಣೆಗೋ ಪಟೇಲನ ಮುಂದೆಯೋ ಹೋಗಿ ಹಾಜರಿ ಹಾಕಬೇಕು. ಬೀಗರ ಊರಿಗೆ ಹೋಗಬೇಕಾದರೂ ಚೀಟಿ ಬೇಕು. ಯಾರಾದರೂ ಕಾಣೆಯಾದರೆ ಪಟೇಲ, ತಳವಾರ ವರದಿ ಮಾಡಬೇಕು. ಹೀಗೆ ಅಕ್ಕಪಕ್ಕದವರನ್ನೇ ಕಾವಲಿಗೆ ಹಚ್ಚಿದರು. ಊರಿನ ಕಣ್ಣು ಪೊಲೀಸರ ಕಣ್ಣಾದದ್ದು ಆಗಲೇ. ಕಾಯ್ದೆ ಹೋದ ಎಷ್ಟೋ ವರ್ಷಗಳ ಮೇಲೂ ಊರವರು ಈ ಜನರನ್ನು ಅನುಮಾನದಿಂದ ನೋಡುವುದಕ್ಕೆ ಇದೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಇದಾದ ಮೇಲೆ ಸೆಟ್ಲಮೆಂಟುಗಳು ಬಂದವು. ಮುಂಬೈ ಪ್ರಾಂತ್ಯದಲ್ಲಿ ಇವುಗಳನ್ನು ಕಟ್ಟಿದ್ದು ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. ಅವನು ಕೆಲಸ ಶುರುಮಾಡಿದ್ದು 1910ರ ಆಸುಪಾಸಿನಲ್ಲಿ, ನಮ್ಮ ವಿಜಯಪುರದಲ್ಲೇ. ಆಮೇಲೆ ಸೊಲ್ಲಾಪುರ, ಹುಬ್ಬಳ್ಳಿ, ಗದಗ. ಈ ಊರುಗಳನ್ನು ಸ್ವಲ್ಪ ಗಮನಿಸಿ. ಸೊಲ್ಲಾಪುರ, ಹುಬ್ಬಳ್ಳಿ, ಗದಗ ಎಲ್ಲವೂ ಹತ್ತಿಯ ಊರುಗಳು. ಮಿಲ್ಲುಗಳಿಗೆ ಕೂಲಿಯವರು ಬೇಕಿತ್ತು. ಹಾಜರಿ ತಪ್ಪಿಸಿಕೊಂಡು ಓಡಿಹೋಗಲು ಆಗದ ಕೂಲಿಯವರು ಸಿಕ್ಕರೆ ಯಾವ ಮಾಲೀಕ ಬೇಡ ಅಂತಾನೆ? ‘ಸುಧಾರಣೆ’ ಎಂಬ ಮಾತು ಮತ್ತು ಅಗ್ಗದ ದುಡಿಮೆ ಜೊತೆಜೊತೆಗೇ ನಡೆದವು. ಶಾಲೆ, ಔಷಧಿ, ಕೆಲಸ ಸಿಕ್ಕಿತು, ನಿಜ. ಅಲ್ಲಿ ಓದಿ ಮುಂದೆ ಬಂದವರೂ ಇದ್ದಾರೆ. ಆದರೆ ಅದೇ ಕಾಯ್ದೆಯಲ್ಲಿ 6ರಿಂದ 18 ವರ್ಷದೊಳಗಿನ ಮಕ್ಕಳನ್ನು ತಂದೆ ತಾಯಿಯಿಂದ ಬೇರೆ ಮಾಡಿ ಇಡುವ ಅಧಿಕಾರವೂ ಇತ್ತು. ಒಂದು ಕೈಯಲ್ಲಿ ಸ್ಲೇಟು ಕೊಟ್ಟು ಇನ್ನೊಂದು ಕೈಯಲ್ಲಿ ಮಗುವನ್ನೇ ಕಿತ್ತುಕೊಂಡ ಹಾಗೆ.

ಜವಾಹರಲಾಲ್ ನೆಹರೂ 1936ರಲ್ಲೇ ನೆಲ್ಲೂರಿನಲ್ಲಿ ಈ ಕಾಯ್ದೆಯನ್ನು ಕಟುವಾಗಿ ಟೀಕಿಸಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಅನಂತಶಯನಂ ಅಯ್ಯಂಗಾರ್ ಸಮಿತಿ ಕೂತು, ಕಾಯ್ದೆ ರದ್ದಾಗಬೇಕು ಅಂತ ವರದಿ ಕೊಟ್ಟಿತು. 1952ರ ಆಗಸ್ಟ್ 31ರಂದು ಅದು ರದ್ದಾಯಿತು. ದೇಶಕ್ಕೆ ಸ್ವಾತಂತ್ರ್ಯ ಸಿಕ್ಕು ಐದು ವರ್ಷ ಕಳೆದ ಮೇಲೆ ಇವರಿಗೆ ಸಿಕ್ಕಿತು. ಅದಕ್ಕೇ ಈ ಸಮುದಾಯಗಳು ಆ ದಿನವನ್ನು ವಿಮುಕ್ತ ದಿನ ಅಂತ ಆಚರಿಸುತ್ತವೆ.

ಆದರೆ ಸಮಿತಿ ಇನ್ನೊಂದು ಮಾತನ್ನೂ ಹೇಳಿತ್ತು. ಜಾತಿ ನೋಡಬೇಡಿ, ಮತ್ತೆ ಮತ್ತೆ ಅಪರಾಧ ಮಾಡುವ ವ್ಯಕ್ತಿಗಳ ಮೇಲೆ ನಿಗಾ ಇಡಲು ಬೇರೆ ಕಾನೂನು ಮಾಡಿ ಅಂತ. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ, ಅಲ್ವಾ? ರಾಜ್ಯಗಳು ಒಂದರ ಹಿಂದೆ ಒಂದು ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮಲ್ಲಿ ಬಂದದ್ದು 1961ರಲ್ಲಿ. ಆದರೆ ರಿಜಿಸ್ಟರ್ ಬರೆಯುವ ಠಾಣೆ ಹಳೆಯದೇ. ಬೀಟ್ ಪೊಲೀಸರಿಗೆ ಗೊತ್ತಿದ್ದ ಕೇರಿಗಳು ಹಳೆಯವೇ. ಜನಾಂಗದ ಹೆಸರು ಹೋಗಿ ಅಲ್ಲಿ ವ್ಯಕ್ತಿಯ ಹೆಸರು ಬಂತು. ಆ ವ್ಯಕ್ತಿ ಮಾತ್ರ ಅದೇ ಗುಡಿಸಲಿನವನು. ಇದನ್ನು ಕಂಡೇ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2000ದಲ್ಲಿ, ವಿಶ್ವಸಂಸ್ಥೆಯ ಜನಾಂಗಭೇದ ವಿರೋಧಿ ಸಮಿತಿ 2007ರಲ್ಲಿ ಈ ಕಾನೂನುಗಳನ್ನು ತೆಗೆದುಹಾಕಿ ಅಂದವು.

ಕಾಯ್ದೆಯೊಂದೇ ಅಲ್ಲ. ಠಾಣೆಯೊಳಗೆ ಬೇರೆ ಪಟ್ಟಿಗಳೂ ಇವೆ. ಅಪರಾಧದ ವಿಧಾನ ಬರೆದಿಡುವ ಎಂಓಬಿ ಕಾರ್ಡು, ರೌಡಿ ಶೀಟು. ರೌಡಿ ಶೀಟಿಗೆ ಆಧಾರ ಪೊಲೀಸ್ ಕೈಪಿಡಿಯ 1059ನೇ ಸ್ಥಾಯಿ ಆದೇಶ. ಒಮ್ಮೆ ಹೆಸರು ಏರಿದರೆ ಇಳಿಸುವುದು ಬಡವನಿಗೆ ಕಷ್ಟ. ಕೇಸು ಬಿದ್ದುಹೋದರೂ ಶೀಟು ಉಳಿದುಬಿಡಬಹುದು. ಹಬ್ಬ ಬಂತು, ಎಲೆಕ್ಷನ್ ಬಂತು ಅಂದರೆ ರೌಡಿ ಪರೇಡ್. ಅವತ್ತಿನ ಕೂಲಿ ಹೋಯಿತು. ಮುಂಜಾಗ್ರತೆಗಾಗಿ ಅಂತ ತಹಶೀಲ್ದಾರರ ಮುಂದೆ ನಿಲ್ಲಿಸಿ ಮುಚ್ಚಳಿಕೆ ಬರೆಸಿಕೊಳ್ಳುವುದು ಇನ್ನೊಂದು. ಹಿಂದಿನ ಸಿಆರ್‌ಪಿಸಿಯ, ಅಂದರೆ ಅಪರಾಧ ಪ್ರಕ್ರಿಯಾ ಸಂಹಿತೆಯ, 109, 110ನೇ ಕಲಮುಗಳು ಈಗ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 128, 129 ಆಗಿ ಕೂತಿವೆ. 1898ರ ಹಳೆಯ ಸಂಹಿತೆಯಲ್ಲಂತೂ ಕಣ್ಣಿಗೆ ಕಾಣುವ ಜೀವನೋಪಾಯ ಇಲ್ಲದವನನ್ನೂ ಹಿಡಿದು ಮುಚ್ಚಳಿಕೆ ಕೇಳಬಹುದಿತ್ತು. ಬಡತನವೇ ಒಂದು ಕಲಮು ಆಗಿತ್ತು! 1973ರಲ್ಲಿ ಆ ಸಾಲು ತೆಗೆದರು.

ಹಳೆಯದು ಹೇಗೆ ಮರಳಿ ಬರುತ್ತದೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 1871ರ ಕಾಯ್ದೆಯ ಎರಡನೇ ಭಾಗ ಲಿಂಗತ್ವ ಅಲ್ಪಸಂಖ್ಯಾತರ ಮೇಲೆ ಇತ್ತು. ಮಕ್ಕಳನ್ನು ಕದಿಯುವವರು ಎಂಬ ಅನುಮಾನದ ಮೇಲೆ ಅವರ ಹೆಸರು, ವಿಳಾಸದ ರಿಜಿಸ್ಟರ್ ಇಡಬೇಕು ಅಂತ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿಸಿದಾಗ ಅಲ್ಲಿ ಕಂಡದ್ದು ಹೆಚ್ಚುಕಡಿಮೆ ಅದೇ ಮಾತು. 140 ವರ್ಷ ಕಳೆದ ಮೇಲೆ! ಸಮುದಾಯದವರು ಹೈಕೋರ್ಟಿಗೆ ಹೋದರು, ಹೋರಾಡಿದರು. ಕೊನೆಗೆ ಅವರನ್ನು ಗುರಿಮಾಡಿ ಬಳಸಿದ್ದ ಪದವನ್ನು ಕಾಯ್ದೆಯಿಂದ ತೆಗೆದರು.

ಇದೆಲ್ಲ ಮನೆಯೊಳಗೆ ಏನು ಮಾಡುತ್ತದೆ? ಗಂಡನನ್ನು ಕರೆದುಕೊಂಡು ಹೋದರೆ ಹೆಂಡತಿ ಠಾಣೆಯ ಮುಂದೆ ಕೂರುತ್ತಾಳೆ. ಅವಳ ಕೂಲಿಯೂ ಹೋಯಿತು. ವಕೀಲರಿಗೆ, ಜಾಮೀನಿಗೆ ಬಡ್ಡಿ ಸಾಲ. ಜಾಮೀನು ನಿಲ್ಲುವವರಿಗೆ ಪಹಣಿ ಬೇಕು, ಜಮೀನೇ ಇಲ್ಲದವರ ಬಳಗದಲ್ಲಿ ಪಹಣಿ ಎಲ್ಲಿಂದ ಬರಬೇಕು? ಮೈಮೇಲಿನ ಬೆಳ್ಳಿ ಚೈನು, ಕಾಲುಂಗುರ ತೋರಿಸಿ ‘ಬಿಲ್ ಎಲ್ಲಿ’ ಅಂದರೆ ಸಂತೆಯಲ್ಲಿ ಕೊಂಡವಳು ಏನು ತೋರಿಸಬೇಕು? ಮಕ್ಕಳಿಗೆ ಶಾಲೆಯಲ್ಲಿ ಒಂದು ಪೆನ್ಸಿಲ್ ಕಳೆದರೂ ಎಲ್ಲರ ಕಣ್ಣು ತಮ್ಮ ಮೇಲೆ. ಗಂಟಿಚೋರ ಅಂತ ಒಂದು ಸಮುದಾಯದ ಹೆಸರೇ ಇದೆ. ಸವಲತ್ತಿಗಾಗಿ ಜಾತಿ ಪ್ರಮಾಣಪತ್ರ ಮಾಡಿಸಿದರೆ ಅದರ ಮೇಲೂ ಅದೇ ಹೆಸರು. ಆ ಕಾಗದ ಕೈಲಿ ಹಿಡಿದು ನಿಲ್ಲುವ ಹತ್ತು ವರ್ಷದ ಹುಡುಗಿಯನ್ನು ನೆನೆಸಿಕೊಳ್ಳಿ.

ಪೊಲೀಸರ ಕಡೆಯದನ್ನೂ ಹೇಳಬೇಕು. ಠಾಣೆಯಲ್ಲಿ ಜನ ಕಮ್ಮಿ, ಕೆಲಸ ಜಾಸ್ತಿ. ‘ರಿಕವರಿ ಎಲ್ಲಿ’ ಅಂತ ಮೇಲಿನವರ ಒತ್ತಡ. ಅಪಾರ್ಟ್‌ಮೆಂಟಿನವರನ್ನು ವಿಚಾರಿಸಿದರೆ ಫೋನ್ ಬರುತ್ತದೆ, ಟೆಂಟಿನವರನ್ನು ವಿಚಾರಿಸಿದರೆ ಯಾರೂ ಕೇಳುವುದಿಲ್ಲ. ಕಾನ್‌ಸ್ಟೆಬಲ್‌ಗಳೂ ಎಷ್ಟೋ ಮಂದಿ ಬಡ ಮನೆಗಳಿಂದ ಬಂದವರೇ. ಆದರೆ ಹೀಗೆ ಸುಲಭಕ್ಕೆ ಸಿಕ್ಕವರ ಹಿಂದೆ ಹೋದಾಗ ನಿಜವಾಗಿ ಕದ್ದವನು ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಒಡವೆ ಕಳೆದುಕೊಂಡವರಿಗೂ ಇದರಿಂದ ನಷ್ಟವೇ.

1998ರ ಫೆಬ್ರವರಿಯಲ್ಲಿ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಖೇರಿಯಾ ಶಬರ ಸಮುದಾಯದ ಬುಧನ್ ಶಬರ್ ಬಂಧನದಲ್ಲೇ ಸತ್ತ. ಅವನ ಸಮುದಾಯವೂ ಹಿಂದೆ ಈ ಪಟ್ಟಿಯಲ್ಲಿತ್ತು. ಕೋಲ್ಕತ್ತ ಹೈಕೋರ್ಟ್ ಸಿಬಿಐ ತನಿಖೆಗೆ, ಪರಿಹಾರಕ್ಕೆ ಆದೇಶಿಸಿತು. ಆ ಸಾವಿನ ಬೆನ್ನಿಗೇ ಲೇಖಕಿ ಮಹಾಶ್ವೇತಾ ದೇವಿ, ವಿದ್ವಾಂಸ ಗಣೇಶ ದೇವಿ ಮುಂತಾದವರು ವಿಮುಕ್ತ ಸಮುದಾಯಗಳ ಹಕ್ಕಿಗಾಗಿ ಒಂದು ಸಂಘಟನೆ ಕಟ್ಟಿದರು. ಗಣೇಶ ದೇವಿಯವರು ಆಮೇಲೆ ನಮ್ಮ ಧಾರವಾಡಕ್ಕೇ ಬಂದು ನೆಲೆಸಿದರು. ಈ ಸಮುದಾಯಗಳ ಸ್ಥಿತಿ ನೋಡಲು ಸರ್ಕಾರ ನೇಮಿಸಿದ ಬಾಲಕೃಷ್ಣ ರೇಣಕೆ ಆಯೋಗ 2008ರಲ್ಲಿ, ಅದಾದ ಮೇಲೆ ಇದಾತೆ ಆಯೋಗ ವರದಿ ಕೊಟ್ಟವು.

ಕೋರ್ಟುಗಳು ಮಾತಾಡಿದ್ದು ತಡವಾಗಿ. 2024ರ ಮೇ ತಿಂಗಳಲ್ಲಿ ಅಮಾನತುಲ್ಲಾ ಖಾನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಿಸ್ಟರಿ ಶೀಟ್, ಅಂದರೆ ಠಾಣೆಯಲ್ಲಿ ಒಬ್ಬನ ಮೇಲೆ ಇಡುವ ನಿಗಾ ದಾಖಲೆ, ಬಗ್ಗೆ ಎಲ್ಲ ರಾಜ್ಯಗಳಿಗೂ ಎಚ್ಚರಿಕೆ ಕೊಟ್ಟಿತು. ಹಿಂದುಳಿದ, ಬಡ ಸಮುದಾಯಗಳ ನಿರಪರಾಧಿಗಳ ಹೆಸರು ಯಾಂತ್ರಿಕವಾಗಿ ಅದರಲ್ಲಿ ಸೇರಬಾರದು ಅಂದಿತು. ಅದೇ ವರ್ಷ ಅಕ್ಟೋಬರ್ 3ರಂದು ಸುಕನ್ಯಾ ಶಾಂತಾ ಪ್ರಕರಣದ ತೀರ್ಪು ಬಂತು. ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವುದು, ವಿಮುಕ್ತ ಸಮುದಾಯದವರನ್ನು ಹುಟ್ಟಿನಿಂದಲೇ ರೂಢಿಗತ ಅಪರಾಧಿಗಳಂತೆ ಕಾಣುವುದು ಸಂವಿಧಾನಕ್ಕೆ ವಿರುದ್ಧ ಅಂತ ಅದು ಹೇಳಿತು. ಈ ಸಮುದಾಯಗಳವರನ್ನು ಮನಸ್ಸಿಗೆ ಬಂದಂತೆ ಬಂಧಿಸದ ಹಾಗೆ 2014ರ ಅರ್ನೇಶ್ ಕುಮಾರ್ ತೀರ್ಪನ್ನು ಪಾಲಿಸಿ ಅಂತ ಪೊಲೀಸರಿಗೆ ಸೂಚಿಸಿತು.

ಅರ್ನೇಶ್ ಕುಮಾರ್ ತೀರ್ಪಿನ ತಿರುಳು ಟೆಂಟುಗಳಲ್ಲಿ ಇರುವವರಿಗೆ ತಲುಪಲೇಬೇಕು. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನವೇ ಮೊದಲ ಹೆಜ್ಜೆ ಆಗಬಾರದು. ಯಾಕೆ ಬಂಧಿಸಲೇಬೇಕಾಯಿತು ಅಂತ ಪೊಲೀಸರು ಬರೆದು ತೋರಿಸಬೇಕು. ಇಲ್ಲದಿದ್ದರೆ ಹಾಜರಾಗಿ ಅಂತ ನೋಟಿಸ್ ಕೊಟ್ಟರೆ ಸಾಕು. ಸಾಮಾನ್ಯ ಕಳವಿಗೆ ಇರುವುದು ಮೂರು ವರ್ಷದವರೆಗಿನ ಶಿಕ್ಷೆ. ಅಂದರೆ ಈ ಜನರನ್ನು ಸಾಮಾನ್ಯ ಕಳವಿನ ಅನುಮಾನದ ಮೇಲೆ ಎತ್ತಿಕೊಂಡು ಹೋದಾಗ ಈ ನಿಯಮ ಅನ್ವಯಿಸುತ್ತದೆ. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲದವರು 15100ಕ್ಕೆ ಫೋನ್ ಮಾಡಿ ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಕೇಳಬಹುದು. ನಿಮ್ಮ ಊರಾಚೆ ಟೆಂಟುಗಳಿದ್ದರೆ ಈ ನಂಬರನ್ನು ಅವರಿಗೆ ಬರೆದುಕೊಡಿ.